ಮುಹೂರ್ತ ಕದಲುವುದಿಲ್ಲ, ಉಳಿದದ್ದೆಲ್ಲ ಕದಲಬೇಕು

ಮಲೆನಾಡಿನಲ್ಲಿ ಮದುವೆಗೆಂದು ಪಂಚಾಂಗ ಬಿಟ್ಟುಕೊಡುವ ಜಾಗ ಬಹಳ ಇಕ್ಕಟ್ಟು. ಆಷಾಢ ಆಗದು, ಅಧಿಕಮಾಸ ಆಗದು, ಧನುರ್ಮಾಸ ಆಗದು. ಗುರುವೋ ಶುಕ್ರನೋ ಅಸ್ತನಾಗಿದ್ದರೆ ಆ ದಿನಗಳೂ ಆಗವು. ಪಂಚಾಂಗ ಒಪ್ಪಿದ ದಿನಗಳಲ್ಲೂ ಅಡಿಕೆ ಕೊಯ್ಲು ನಡೆಯುತ್ತಿದ್ದರೆ ಮನೆಯವರು ಒಪ್ಪುವುದಿಲ್ಲ. ಅಂಗಳದ ತುಂಬ ಅಡಿಕೆ ಹರವಿಕೊಂಡು ಪಂಕ್ತಿ ಹಾಕುವುದೆಲ್ಲಿ? ಮಕ್ಕಳ ಪರೀಕ್ಷೆ, ಬೆಂಗಳೂರಿನ ನೆಂಟರ ರಜೆ, ಅಡಿಗೆ ಭಟ್ಟರ ಪುರುಸೊತ್ತು ಎಲ್ಲವನ್ನೂ ಸೋಸಿದ ಮೇಲೆ ಕೈಗೆ ಸಿಗುವುದು ಏಪ್ರಿಲ್ ನಡುವಿನಿಂದ ಮೇ ಕೊನೆಯವರೆಗಿನ ಆರು ವಾರ. ಅದೇ ಪಂಚಾಂಗದ ಇನ್ನೊಂದು ಪುಟ ತಿರುವಿದರೆ ಮಳೆ ನಕ್ಷತ್ರಗಳ ಪಟ್ಟಿ ಇರುತ್ತದೆ. ಏಪ್ರಿಲ್ 27ರ ಹೊತ್ತಿಗೆ ಭರಣಿ, ಮೇ 11ಕ್ಕೆ ಕೃತ್ತಿಕೆ, ಮೇ 25ಕ್ಕೆ ರೋಹಿಣಿ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದು ರೈತ ಮುಗಿಲು ನೋಡಿ ಕೈಮುಗಿಯುವ ವಾರದಲ್ಲೇ ಅವನ ಮಗಳ ಧಾರೆಯೂ ಇರುತ್ತದೆ. ಮಳೆ ಬಂದರೂ ಅವನಿಗೆ ಕಷ್ಟ, ಬಾರದಿದ್ದರೂ ಕಷ್ಟ.

ಹಿಂದಿನವರಿಗೆ ಇದು ತಿಳಿಯದೆ ಏನಲ್ಲ. ಜಡಿಮಳೆಯ ಕಾಲವನ್ನು ಅವರು ಮೊದಲೇ ಹೊರಗಿಟ್ಟಿದ್ದಾರೆ. ನಮಗೆ ಆಷಾಢ, ತುಳುನಾಡಿಗೆ ಆಟಿ, ಕೊಡಗಿಗೆ ಕಕ್ಕಡ. ಹೆಸರು ಬೇರೆ, ಆ ತಿಂಗಳುಗಳಲ್ಲಿ ಮದುವೆ ಇಲ್ಲ ಎಂಬುದು ಒಂದೇ. ಶಾಸ್ತ್ರದ ಕಾರಣ ಏನೇ ಇರಲಿ, ಹೊಳೆ ತುಂಬಿ ಹರಿಯುವಾಗ ದಿಬ್ಬಣ ದಾಟಿಸುವ ಪಾಡು ಅದರಿಂದ ತಪ್ಪಿದೆ. ಆದರೆ ಮುಂಗಾರಿಗೆ ಮುಂಚಿನ ಗುಡುಗು ಮಳೆಯನ್ನು ಯಾವ ಮಾಸವೂ ಹೊರಗಿಟ್ಟಿಲ್ಲ. ಮುಂಗಾರು ಕೂಡ ಈಚೆಗೆ ವಾಯಿದೆ ಪಾಲಿಸುವುದಿಲ್ಲ. ಕೇರಳಕ್ಕೆ ಅದು ಕಾಲಿಡುವ ವಾಡಿಕೆಯ ದಿನ ಜೂನ್ 1. 2025ರಲ್ಲಿ ಮೇ 24ಕ್ಕೇ ಬಂತು. 2009ರ ನಂತರ ಅಷ್ಟು ಬೇಗ ಬಂದದ್ದು ಅದೇ ಮೊದಲು. ರೋಹಿಣಿ ಹುಟ್ಟುವ ಮೊದಲೇ ಮುಂಗಾರು ಮನೆ ಬಾಗಿಲಿಗೆ ಬಂದಿತ್ತು, ಆ ವಾರದ ಲಗ್ನಪತ್ರಿಕೆಗಳೆಲ್ಲ ಹಂಚಿ ಮುಗಿದಿದ್ದವು. 2021ರ ಮೇ ನಡುವಿನಲ್ಲಿ ತೌಕ್ತೆ ಚಂಡಮಾರುತ ಕರಾವಳಿಯನ್ನು ಅಲ್ಲಾಡಿಸಿತು. ಲಾಕ್‌ಡೌನ್ ಇದ್ದುದರಿಂದ ದೊಡ್ಡ ಚಪ್ಪರಗಳೇ ಇರಲಿಲ್ಲ, ಬಚಾವಾದೆವು. ಚಳಿಗಾಲಕ್ಕೆ ಹಾಕಿದರೆ ನಿಶ್ಚಿಂತೆ ಎನ್ನುವವರಿಗೆ 2024ರ ಡಿಸೆಂಬರ್ ಮೊದಲ ವಾರವನ್ನು ನೆನಪಿಸಬೇಕು. ಪುದುಚೇರಿ ಬಳಿ ನೆಲ ಮುಟ್ಟಿದ ಫೆಂಗಲ್ ಚಂಡಮಾರುತದ ಬಾಲ ಮಂಗಳೂರಿನ ಶಾಲೆಗಳಿಗೂ ರಜೆ ಕೊಡಿಸಿತ್ತು.

ನಮ್ಮ ಮದುವೆಗಳಲ್ಲಿ ಮಳೆಯ ತಾಪತ್ರಯ ಬೇರೆ ಕಡೆಗಿಂತ ಹೆಚ್ಚಾಗುವುದು ಮುಹೂರ್ತದ ದೆಸೆಯಿಂದ. ಹತ್ತು ಗಂಟೆ ನಲವತ್ತೆರಡು ನಿಮಿಷಕ್ಕೆ ಒದಗುವ ಮಿಥುನ ಲಗ್ನ ಎಂದು ಪತ್ರಿಕೆಯಲ್ಲಿ ಅಚ್ಚಾದ ಮೇಲೆ ಮುಗಿಯಿತು. ಮಳೆ ನಿಲ್ಲಲಿ, ಆಮೇಲೆ ಮಾಲೆ ಹಾಕಿಸೋಣ ಎನ್ನುವ ಹಾಗಿಲ್ಲ. ಅಂದರೆ ಆ ಒಂದು ಗಳಿಗೆಯನ್ನು ಗೂಟಕ್ಕೆ ಕಟ್ಟಿ ಉಳಿದ ಎಲ್ಲವನ್ನೂ, ಒಲೆಯನ್ನು, ಪಂಕ್ತಿಯನ್ನು, ದಾರಿಯನ್ನು, ವಾಲಗದವರನ್ನು, ಅತ್ತಿತ್ತ ಸರಿಸಲು ಬರುವಂತೆ ಇಟ್ಟುಕೊಳ್ಳಬೇಕು. ನನ್ನ ಪ್ರಕಾರ ಮಳೆಗೆ ತಯಾರಿ ಎಂದರೆ ಇಷ್ಟೇ. ಶಾಸ್ತ್ರಗಳು ನಾವು ಅಂದುಕೊಂಡಷ್ಟು ಬಿಗಿಯಾಗಿಯೂ ಇಲ್ಲ. ಅರುಂಧತಿ ನಕ್ಷತ್ರವನ್ನು ನಡುಹಗಲಲ್ಲೇ ಚಪ್ಪರದ ಹೊರಗೆ ನಿಲ್ಲಿಸಿ ತೋರಿಸುತ್ತಾರೆ, ವಧೂವರರು ಕಂಡಿತು ಎಂದು ತಲೆಯಾಡಿಸುತ್ತಾರೆ. ಮೋಡ ಕವಿದರೂ ಅಷ್ಟೇ ಚೆನ್ನಾಗಿ ಕಾಣುತ್ತದೆ. ಕಾಶೀಯಾತ್ರೆಗೆ ಹೊರಟ ವರನ ಕೈಯಲ್ಲಂತೂ ಕೊಡೆಯೇ ಇರುತ್ತದೆ. ಇಡೀ ದಿಬ್ಬಣದಲ್ಲಿ ಮಳೆಗೆ ಸಿದ್ಧನಾಗಿ ಬಂದವನು ಅವನೊಬ್ಬನೇ ಎಂದು ಪುರೋಹಿತರು ನಗೆಯಾಡುವುದನ್ನು ಕೇಳಿದ್ದೇನೆ.

ಲಗ್ನ ಗೊತ್ತು ಮಾಡುವಾಗಲೇ ಒಂದು ಪೈಸೆ ಖರ್ಚಿಲ್ಲದ ತಯಾರಿ ಮಾಡಿಕೊಳ್ಳಬಹುದು. ಏಪ್ರಿಲ್, ಮೇ ತಿಂಗಳ ಮಳೆಗೆ ಒಂದು ನಡೆ ಇದೆ. ಬೆಳಿಗ್ಗೆ ತಿಳಿಯಾಗಿರುತ್ತದೆ, ಹತ್ತು ಗಂಟೆಗೆ ಬಿಸಿಲು ಚುರುಕಾಗುತ್ತದೆ, ನೆಲ ಕಾದು ಆವಿ ಮೇಲೇರಿ ಮಧ್ಯಾಹ್ನದ ಹೊತ್ತಿಗೆ ಘಟ್ಟದ ಮೇಲೆ ಮೋಡ ಒಟ್ಟುತ್ತದೆ, ಮೂರು ಗಂಟೆಯ ನಂತರ ಯಾವಾಗ ಬೇಕಾದರೂ ಗುಡುಗಬಹುದು. ಹಾಗಾಗಿ ಪುರೋಹಿತರು ಎರಡು ಲಗ್ನ ಕೊಟ್ಟರೆ ಬೆಳಗಿನದನ್ನು ಹಿಡಿಯಿರಿ. ಗೋಧೂಳಿ ಲಗ್ನ ಬಹಳ ಶ್ರೇಷ್ಠ, ಹೌದು. ಆದರೆ ಮೇ ತಿಂಗಳಲ್ಲಿ ಹಸುಗಳು ಕೊಟ್ಟಿಗೆಗೆ ಮರಳುವ ಹೊತ್ತಿಗೇ ಗಾಳಿಯೂ ಏಳುತ್ತದೆ. ಚಂಡಮಾರುತವೋ ಮುಂಗಾರೋ ಬಂದರೆ ಈ ಲೆಕ್ಕ ನಡೆಯುವುದಿಲ್ಲ, ಆಗ ಬೆಳಿಗ್ಗೆಯೂ ಮಳೆಯೇ. ಆದರೆ ಅವುಗಳ ಸುದ್ದಿ ನಾಲ್ಕೈದು ದಿನ ಮೊದಲೇ ತಿಳಿಯುತ್ತದೆ. ಗುಡುಗು ಮಳೆ ಮಾತ್ರ ಹೇಳಿಕೇಳಿ ಬರುವುದಿಲ್ಲ.

ಇನ್ನು, ತಯಾರಿಯ ಮಾತೆತ್ತುವುದೇ ಮದುವೆ ಮನೆಯಲ್ಲಿ ದೊಡ್ಡ ಸಾಹಸ. ನೆಂಟರಿಷ್ಟರ ಮದುವೆಗಳಲ್ಲಿ ಚಪ್ಪರ, ನೀರು, ಕರೆಂಟಿನ ಉಸ್ತುವಾರಿ ಬಹಳ ವರ್ಷಗಳಿಂದ ನನ್ನ ಪಾಲಿಗೆ ಬಿದ್ದಿದೆ. ಮಳೆ ಬಂದರೆ ಎಂದು ನಾನು ಶುರು ಮಾಡುತ್ತಲೇ ಅತ್ತೆಯಂದಿರಲ್ಲಿ ಯಾರಾದರೊಬ್ಬರು, “ಬಿಡ್ತು ಅನ್ನು! ಒಳ್ಳೆಯ ಕೆಲಸ ಇಟ್ಟುಕೊಂಡು ಎಂಥ ಮಾತು” ಎಂದು ಬಾಯಿ ಮುಚ್ಚಿಸುತ್ತಾರೆ. ಬಂದ ಮೇಲೆ ಇದೇ ಅತ್ತೆಯಂದಿರು ನಾಲ್ಕು ಹನಿ ಬಿದ್ದರೆ ಶುಭ ಎನ್ನುತ್ತಾರೆ. ಬಹಳ ಜೋರಾಗಿ ಬಂದರೆ ಮದುಮಗಳ ಕಡೆ ತಿರುಗಿ, ಸಣ್ಣವಳಿದ್ದಾಗ ಹಸಿ ಅಕ್ಕಿ ಮುಕ್ಕಬೇಡ ಎಂದು ಎಷ್ಟು ಹೇಳಿದ್ದೆ ಎಂದು ಗದರುತ್ತಾರೆ. ಹಸಿ ಅಕ್ಕಿ ತಿಂದವರ ಮದುವೆಯಲ್ಲಿ ಮಳೆ, ಕಾಯಿತುರಿ ಕದ್ದು ತಿಂದವರ ಮದುವೆಯಲ್ಲಿ ಮಳೆ; ಈ ಲೆಕ್ಕದಲ್ಲಿ ಮಲೆನಾಡಿನ ಒಂದು ಮದುವೆಯೂ ಒಣಗಿ ನಡೆಯಬಾರದು. ಮದುವೆಗೂ ಮಳೆಗೂ ಗಂಟು ಹಾಕುವ ಚಾಳಿ ದೇಶಕ್ಕೆಲ್ಲ ಇದೆ. 2019ರ ಜೂನ್‌ನಲ್ಲಿ ಮಳೆ ಬರಲೆಂದು ಉಡುಪಿಯಲ್ಲಿ ಕಪ್ಪೆಗಳಿಗೆ ಮದುವೆ ಮಾಡಿದರು. ಅದೇ ವರ್ಷ ಭೋಪಾಲದಲ್ಲಿ ಮಳೆ ಅತಿಯಾಗಿ, ಮದುವೆ ಮಾಡಿಸಿದ್ದ ಕಪ್ಪೆಗಳಿಗೆ ವಿಚ್ಛೇದನ ಕೊಡಿಸಿದರು.

ಹೀಗೆ ಹೆಸರೆತ್ತಬಾರದ ಸಂಗತಿಗೆ ತಯಾರಾಗಬೇಕಾದಾಗ ನಮ್ಮವರು ಕಂಡುಕೊಂಡ ಉಪಾಯವೆಂದರೆ ಬಿಸಿಲು. ಚಪ್ಪರದ ಮೇಲೆ ತಗಡಿನ ಶೀಟು ಯಾಕೆ? ಬಿಸಿಲಿಗೆ. ಅಂಗಳದ ಸುತ್ತ ಕಾಲುವೆ ಯಾಕೆ? ಕೈತೊಳೆದ ನೀರು ಹೋಗಲಿಕ್ಕೆ. ಮೂಲೆಯಲ್ಲಿ ಕೊಡೆಗಳ ರಾಶಿ? ಮುದುಕರಿಗೆ ಬಿಸಿಲು ತಾಗಬಾರದಲ್ಲ. ನಾನೂ ಈಗ ಬಿಸಿಲಿನ ಹೆಸರಿನಲ್ಲೇ ಎಲ್ಲ ಬೇಡಿಕೆ ಇಡುತ್ತೇನೆ, ಎಲ್ಲ ಮಂಜೂರಾಗುತ್ತದೆ.

ಚಪ್ಪರದ ವಿಷಯಕ್ಕೆ ಬರುತ್ತೇನೆ, ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಎಲ್ಲರೂ ಹೆದರುವುದು ನೀರಿಗೆ. ಚಪ್ಪರವನ್ನು ಕೆಡಹುವುದು ಬಹುಪಾಲು ಗಾಳಿ. ಗುಡುಗು ಮಳೆಯ ಮೊದಲ ಹನಿಗಿಂತ ಮುಂಚೆ ಮೋಡದಿಂದ ತಣ್ಣನೆಯ ಗಾಳಿ ಕೆಳಕ್ಕೆ ದುಮುಕಿ ನೆಲದ ಮೇಲೆ ಹರಡಿಕೊಳ್ಳುತ್ತದೆ. ಆ ಮೊದಲ ಹೊಡೆತವೇ ದೊಡ್ಡದು. ಅಡಿಕೆ ಮರದ ಕಂಬ ನೆಟ್ಟು, ದಬ್ಬೆ ಕಟ್ಟಿ, ಸೋಗೆ ಹೊದೆಸಿದ ಹಳೆಯ ಚಪ್ಪರದಲ್ಲಿ ಗಾಳಿ ಸಂದಿಯಿಂದ ನುಸುಳಿ ಹೋಗುತ್ತಿತ್ತು. ಅಲ್ಲಲ್ಲಿ ತೊಟ್ಟಿಕ್ಕುತ್ತಿತ್ತು ನಿಜ, ಹಾರಿ ಹೋಗುತ್ತಿರಲಿಲ್ಲ. ಸೋಗೆಯ ಮೇಲೆ ತಾಡಪಾಲು ಎಳೆದು ನಾಲ್ಕು ಮೂಲೆ ಕಟ್ಟಿದ ಕೂಡಲೇ ಅದು ದೋಣಿಯ ಹಾಯಿ ಆಗಿಬಿಡುತ್ತದೆ. ಗಾಳಿ ಅಡಿಯಿಂದ ತುಂಬಿ ಕಂಬ ಸಮೇತ ಎತ್ತುತ್ತದೆ. ಊರಿನ ಚಪ್ಪರದ ಮೇಸ್ತ್ರಿಯೊಬ್ಬನ ಕೆಲಸ ನೋಡಿ ನಾನು ಕಲಿತದ್ದು ಬಹಳ. ಅವನು ತಾಡಪಾಲಿನ ಅಂಚನ್ನು ನೇರ ಕಂಬಕ್ಕೆ ಕಟ್ಟುವುದಿಲ್ಲ. ಅಂಚಿನ ತೂತಿಗೆ ಹಗ್ಗ ಪೋಣಿಸಿ, ಚಪ್ಪರದಿಂದ ಒಂದು ಮಾರು ದೂರದಲ್ಲಿ ಓರೆಯಾಗಿ ಹೊಡೆದ ಗೂಟಕ್ಕೆ ಬಿಗಿಯುತ್ತಾನೆ. ಮೇಲಿನಿಂದಲೂ ಅಡ್ಡಡ್ಡ ಹಗ್ಗ ಹಾಯಿಸುತ್ತಾನೆ. ಗಾಳಿ ಬರುವ ದಿಕ್ಕಿನ ಬದಿಯನ್ನು ಪೂರ್ತಿ ಮುಚ್ಚಲು ಬಿಡುವುದಿಲ್ಲ. ಮುಚ್ಚಿದರೆ ಚಂದ ಕಾಣುತ್ತದೆ ಎಂದು ಅಲಂಕಾರದವರು ಹೇಳಿದಾಗ ಅವನು ಉತ್ತರ ಕೊಡದೆ ಕಟ್ಟಿದ ಪರದೆಯನ್ನು ಬಿಚ್ಚಿ ಮಡಚಿಟ್ಟ.

ನೀರಿನ ಕಡೆಯಿಂದ ಬರುವ ಅಪಾಯ ಸೋರುವುದಲ್ಲ, ನಿಲ್ಲುವುದು. 30 ಅಡಿ ಅಗಲ, 40 ಅಡಿ ಉದ್ದದ ಚಪ್ಪರದ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಹತ್ತಿರ ಹತ್ತಿರ 1,100 ಲೀಟರ್ ನೀರು, ಅಂದರೆ ಒಂದು ಟನ್ನಿಗೂ ಮೇಲೆ ಭಾರ. ಮೇ ತಿಂಗಳ ಮಳೆಗೆ ಕಾಲು ಗಂಟೆಯಲ್ಲಿ ಅಷ್ಟು ಸುರಿಸುವುದು ದೊಡ್ಡ ಮಾತಲ್ಲ. ಇಳಿಜಾರು ಇದ್ದರೆ ಹರಿದು ಹೋಗುತ್ತದೆ. ಸಪಾಟಾಗಿದ್ದರೆ ತಾಡಪಾಲು ಜೋತು, ಜೋತಲ್ಲಿ ಇನ್ನಷ್ಟು ನೀರು ಸೇರಿ, ಕೊನೆಗೆ ಎಲ್ಲವೂ ಒಂದೇ ಸಲಕ್ಕೆ ಯಾರ ತಲೆಯ ಮೇಲೋ ಇಳಿಯುತ್ತದೆ. ಶಾಮಿಯಾನದವರು ಕಟ್ಟಿ ಹೋಗುವ ಮುನ್ನ ಒಂದು ಬಕೆಟ್ ನೀರು ಮೇಲೆ ಎರಚಿಸಿ ಯಾವ ಕಡೆ ಹರಿಯುತ್ತದೆ ಎಂದು ನೋಡಿ. ಹರಿದ ನೀರು ಬೀಳುವುದು ಪಂಕ್ತಿಯ ಬೆನ್ನಿಗೋ ಕಾಲುವೆಗೋ ಎಂಬುದನ್ನೂ ನೋಡಿ. ತಗಡಿನ ಶೀಟು ಈ ಎಲ್ಲದಕ್ಕೂ ಒಳ್ಳೆಯ ಪರಿಹಾರವೇ, ಆದರೆ ಅದರ ಮೇಲೆ ಮಳೆ ಹುಯ್ದರೆ ಮಂತ್ರವೂ ಕೇಳದು, ವಾಲಗವೂ ಕೇಳದು. ಅಂಥ ಒಂದು ಮದುವೆಯಲ್ಲಿ ಗಟ್ಟಿಮೇಳ ಅಂದದ್ದು ಕಿವಿಗೆ ಬೀಳದೆ ವಾಲಗದವರು ಪುರೋಹಿತರ ಕೈಯನ್ನೇ ನೋಡುತ್ತ ಕೂತಿದ್ದರು. ಡೋಲಿನವನು ಅದಕ್ಕೂ ಮುಂಚೆ ಅಡಿಗೆ ಕೊಟ್ಟಿಗೆಯಲ್ಲಿ ಒಲೆಯಿಂದ ಸ್ವಲ್ಪ ದೂರ ಕುಕ್ಕರಗಾಲಲ್ಲಿ ಕೂತು, ಥಂಡಿಗೆ ಸಡಿಲಾದ ಚರ್ಮವನ್ನು ಕಾವಿಗೆ ಹಿಡಿದು ಬೆರಳಲ್ಲಿ ತಟ್ಟಿ ತಟ್ಟಿ ನೋಡುತ್ತಿದ್ದ.

ಅಡಿಗೆ ಕೊಟ್ಟಿಗೆ ಅಂದೆನಲ್ಲ, ಗಟ್ಟಿ ಸೂರು ಇರುವ ಜಾಗ ಮನೆಯಲ್ಲಿ ಒಂದೇ ಇದ್ದರೆ ಅದನ್ನು ಮಂಟಪಕ್ಕೆ ಕೊಡಬೇಡಿ, ಒಲೆಗೆ ಕೊಡಿ. ಇದು ನನ್ನ ಬುದ್ಧಿಯಲ್ಲ. ಜಾಗ ಹಂಚುವಾಗ ಮಂಟಪ ಒಳಗೆ, ಒಲೆ ಹೊರಗೆ ಎಂದು ನಾವು ಹೇಳಿದ್ದಕ್ಕೆ ಅಡಿಗೆ ಭಟ್ಟರು, “ಮದುಮಕ್ಕಳ ಮೇಲೆ ನಾಲ್ಕು ಹನಿ ಬಿದ್ದರೆ ಶುಭ ಅಂತೀರಿ ಮಾರಾಯರೇ, ಸಾರಿನ ಕೊಪ್ಪರಿಗೆಗೆ ಬಿದ್ದರೆ ಏನಂತೀರಿ?” ಎಂದು ಕೇಳಿದ್ದರು. ಮಂಟಪದಲ್ಲಿ ಕೂರುವವರು ಹತ್ತು ಜನ, ಅವರನ್ನು ಜಗುಲಿಗೆ ಎಬ್ಬಿಸಿ ಕೂರಿಸಬಹುದು. ಕುದಿಯುವ ಕೊಪ್ಪರಿಗೆಯನ್ನು ಎಬ್ಬಿಸಲಾಗದು. ಕಟ್ಟಿಗೆ ನೆನೆದರೆ ಹೊಗೆಯಲ್ಲದೆ ಉರಿ ಬಾರದು. ಗ್ಯಾಸ್ ಒಲೆಯಾದರೆ ಗಾಳಿಗೆ ಉರಿ ಅತ್ತಿತ್ತ ಹಾಯ್ದು ಅನ್ನ ಒಂದು ಬದಿ ಬೇಯುತ್ತದೆ, ಇನ್ನೊಂದು ಬದಿ ಅಕ್ಕಿಯಾಗಿಯೇ ಇರುತ್ತದೆ. ಕರಿದ ಹಪ್ಪಳ ಥಂಡಿ ಹವೆಗೆ ಮೆತ್ತಗಾಗುತ್ತದೆ, ಅದನ್ನು ಡಬ್ಬಕ್ಕೆ ಹಾಕಿ ಮುಚ್ಚಳ ಬಿಗಿದಿಟ್ಟು ಪಂಕ್ತಿ ಕೂತ ಮೇಲೆ ತೆಗೆಯುವುದು ಭಟ್ಟರ ಪದ್ಧತಿ.

ಊಟದಲ್ಲಿ ಗಾಳಿ ಕೊಡುವ ಕಾಟ ನೋಡಿದವರಿಗೇ ಗೊತ್ತು. ಬಾಳೆಲೆ ಹಾಕಿ ಉಪ್ಪು, ಉಪ್ಪಿನಕಾಯಿ ಬಡಿಸುವಷ್ಟರಲ್ಲಿ ಒಂದು ಬೀಸು ಬಂದರೆ ಸಾಲಿಗೆ ಸಾಲೇ ಎಲೆ ಮಗುಚುತ್ತದೆ. ಅದಕ್ಕೇ ಮೊದಲು ನೀರಿನ ಲೋಟ ತುಂಬಿ ಎಲೆಯ ತುದಿಯ ಮೇಲೆ ಇಡಿಸಬೇಕು. ಮಳೆಯೇ ಬಂದರೆ ಚಪ್ಪರದ ಅಂಚಿನ ಸಾಲುಗಳನ್ನು ಬಿಟ್ಟು ಜಗುಲಿಯಲ್ಲಿ, ಅಟ್ಟದ ಕೆಳಗೆ ಸಣ್ಣ ಸಣ್ಣ ಪಂಕ್ತಿ ಹಾಕಬೇಕಾಗುತ್ತದೆ. ಊಟ ಮುಗಿಯುವುದು ತಡವಾಗುತ್ತದೆ, ಕೊನೆಯ ಪಂಕ್ತಿಗೆ ಬಿಸಿ ಅನ್ನ ಇನ್ನೊಂದು ಬಾರಿ ಬೇಯಿಸಬೇಕಾಗುತ್ತದೆ. ಭಟ್ಟರಿಗೆ ಇದನ್ನು ಹಿಂದಿನ ದಿನವೇ ಹೇಳಿಟ್ಟರೆ ಅಕ್ಕಿ, ಬೇಳೆ ಬದಿಗಿಟ್ಟುಕೊಳ್ಳುತ್ತಾರೆ. ಸಗಣಿ ಸಾರಿಸಿದ ಅಂಗಳ ನೆನೆದರೆ ಜಾರುತ್ತದೆ. ಬಕೆಟ್ ಹಿಡಿದು ಓಡಾಡುವ ಹುಡುಗರ ದಾರಿಗೆ ಜಲ್ಲಿಪುಡಿಯೋ ಭತ್ತದ ಹೊಟ್ಟೋ ಚೆಲ್ಲಿಡಿ. ರೇಷ್ಮೆ ಸೀರೆಯ ಚಿಂತೆಯನ್ನು ನಾನು ಮಾಡುವುದಿಲ್ಲ, ಅದನ್ನು ಮಾಡುವವರು ಮನೆ ತುಂಬ ಇರುತ್ತಾರೆ.

ಹೆದರಲೇಬೇಕಾದದ್ದು ಸಿಡಿಲಿಗೆ. ಸುತ್ತ ತೆರೆದಿರುವ ಚಪ್ಪರ, ಅದರಲ್ಲೂ ಕಬ್ಬಿಣದ ಕಂಬದ ಶಾಮಿಯಾನ, ಸಿಡಿಲಿಗೆ ಆಸರೆಯಲ್ಲ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ; ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಲೆಕ್ಕ. ಗುಡುಗು ಕೇಳಿಸಿತೆಂದರೇ ಸಿಡಿಲು ನಮ್ಮನ್ನು ಮುಟ್ಟುವಷ್ಟು ಹತ್ತಿರದಲ್ಲಿದೆ ಎಂದು ಅರ್ಥ. ಜನರನ್ನು ಮನೆಯೊಳಗೆ ಅಥವಾ ಕಾರು, ಬಸ್ಸುಗಳ ಒಳಗೆ ಕಳಿಸಬೇಕು, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಬೇಕು. ಅಂಗಳದಂಚಿನ ಹಲಸಿನ ಮರದಡಿ ಬೀಡಿ ಸೇದುತ್ತ ನಿಂತವರನ್ನು ಬೈದಾದರೂ ಒಳಗೆ ಕರೆಯಬೇಕು. ದೀಪದ ಸರಗಳನ್ನು ಕಬ್ಬಿಣದ ಕಂಬಕ್ಕೆ ಸುತ್ತಿ ಬೆಸುಗೆಯಿಲ್ಲದ ಜೋಡಣೆಗೆ ಟೇಪು ಅಂಟಿಸುವುದು ನಮ್ಮಲ್ಲಿ ಮಾಮೂಲಿ. ನೆಂದ ಕಂಬವನ್ನು ಮಗುವೊಂದು ಹಿಡಿದುಕೊಂಡು ನಿಂತಿರುವುದೂ ಮಾಮೂಲಿ. ವಿದ್ಯುತ್ ಸೋರಿಕೆ ಕಂಡೊಡನೆ ತಾನಾಗಿ ಕರೆಂಟು ಕಡಿಯುವ ಸ್ವಿಚ್ಚು ಹಾಕಿಸದೆ ಚಪ್ಪರದೊಳಗೆ ಒಂದು ಬಲ್ಬನ್ನೂ ಉರಿಸಲು ನಾನು ಬಿಡುವುದಿಲ್ಲ, ಈ ವಿಷಯದಲ್ಲಿ ನನಗೆ ಜಗಳಗಂಟಿ ಎಂಬ ಹೆಸರಿದೆ.

ಮೊಬೈಲಿನಲ್ಲಿ ಹವಾಮಾನ ನೋಡುವವರು ಈಗ ಮನೆಗೆ ನಾಲ್ಕು ಜನ, ನಾಲ್ಕು ಭವಿಷ್ಯ. ಹದಿನೈದು ದಿನ ಮೊದಲೇ ಮೋಡದ ಚಿತ್ರ ತೋರಿಸಿ ಮದುಮಗಳನ್ನು ಅಳಿಸುವ ಅಣ್ಣಂದಿರೂ ಇದ್ದಾರೆ. ಗುಡುಗು ಮಳೆಯನ್ನು ಅಷ್ಟು ಮೊದಲು ಊರ ಲೆಕ್ಕದಲ್ಲಿ ಯಾರೂ ಹೇಳಲಾರರು. ಹವಾಮಾನ ಇಲಾಖೆ ಜಿಲ್ಲೆಗೆ ಅಲ್ಲಲ್ಲಿ ಮಳೆ ಎಂದರೆ ಅಲ್ಲಿನ ಮಳೆಮಾಪನ ಕೇಂದ್ರಗಳಲ್ಲಿ ಕಾಲು ಭಾಗ ಅಥವಾ ಅದಕ್ಕೂ ಕಡಿಮೆ ಕಡೆ ಬೀಳಬಹುದು ಎಂದಷ್ಟೇ. ಅತಿ ಭಾರಿ ಮಳೆಯಾಗಬಹುದೆಂಬ ಆರೆಂಜ್ ಅಲರ್ಟ್ ಬಂದರೆ ಮಾತ್ರ ಆಟ ಬೇರೆ. ಇಲಾಖೆಯ ಲೆಕ್ಕದಲ್ಲಿ ದಿನಕ್ಕೆ 115.6 ಮಿಲಿಮೀಟರಿಗಿಂತ ಹೆಚ್ಚು ಸುರಿದರೆ ಅತಿ ಭಾರಿ ಮಳೆ, ಅದಕ್ಕೆ ಯಾವ ಮೇಸ್ತ್ರಿಯ ಚಪ್ಪರವೂ ಸಾಲದು, ಊರಿನ ಶಾಲೆಯನ್ನೋ ದೇವಸ್ಥಾನದ ಸಭಾಭವನವನ್ನೋ ಕೇಳಿಡಬೇಕು. ಮದುವೆಯ ದಿನಕ್ಕೆ ಬೇಕಾದದ್ದು ಮೂರು ಗಂಟೆಯ ಮುನ್ಸೂಚನೆ ಮತ್ತು ಸಿಡಿಲಿನ ಸೂಚನೆ. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆಯ ದಾಮಿನಿ ಆ್ಯಪ್ ನಾವಿರುವ ಜಾಗದಿಂದ 20ರಿಂದ 40 ಕಿಲೋಮೀಟರ್ ದೂರದೊಳಗಿನ ಸಿಡಿಲನ್ನು ಹೇಳುತ್ತದೆ. ನಮ್ಮ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ್ದು ಸಿಡಿಲು ಎಂಬ ಆ್ಯಪ್ ಇದೆ. ಇವನ್ನು ನೋಡುವ ಕೆಲಸ ಒಬ್ಬನಿಗೆ ವಹಿಸಿ. ಪಂಕ್ತಿಯನ್ನು ಒಳಗೆ ಹಾಕಿ ಎಂದು ಹೇಳುವ ಅಧಿಕಾರವನ್ನೂ ಅವನಿಗೇ ಕೊಡಿ. ಮದುಮಗಳ ಅಪ್ಪನಿಗೆ ಆ ಹೊತ್ತಿನಲ್ಲಿ ಯಾವ ತೀರ್ಮಾನವೂ ಆಗುವುದಿಲ್ಲ, ಅವರು ಬೀಗರ ಕಾಲು ತೊಳೆಯುತ್ತಿರುತ್ತಾರೆ.

ದಿಬ್ಬಣದ ಬಗ್ಗೆ ಒಂದೇ ಮಾತು. ಘಟ್ಟ ಹತ್ತಿ ಬರುವ ದಿಬ್ಬಣವಾದರೆ ವರ, ತಾಳಿ, ಪುರೋಹಿತರು ಈ ಮೂವರು ಹಿಂದಿನ ರಾತ್ರಿಯೇ ಊರು ಸೇರಿರಲಿ. ಮರ ಅಡ್ಡ ಬಿದ್ದು ಬಸ್ಸು ನಿಂತರೂ ಊಟ ತಡವಾಗುತ್ತದೆಯೇ ಹೊರತು ಮುಹೂರ್ತ ತಪ್ಪುವುದಿಲ್ಲ.

ಈಚೆಗೆ ಚಿಕ್ಕಮಗಳೂರು, ಸಕಲೇಶಪುರದ ಕಡೆ ರೆಸಾರ್ಟಿನ ಹುಲ್ಲುಹಾಸಿನ ಮೇಲೆ ಬಯಲಲ್ಲೇ ಮಂಟಪ ಕಟ್ಟುವ ಹುಮ್ಮಸ್ಸು ಹೆಚ್ಚಿದೆ. ಗುಡ್ಡದ ಹಿನ್ನೆಲೆ ಫೋಟೋಗೆ ಚೆನ್ನ. ಆದರೆ ಮೇ ತಿಂಗಳಲ್ಲಿ ಅದೇ ಗುಡ್ಡದ ಮೇಲೆಯೇ ಮೋಡ ಕಟ್ಟುವುದು. ಮುಂಗಡ ಕೊಡುವ ಮುನ್ನ ಅಷ್ಟೂ ಜನ ಒಳಗೆ ಹಿಡಿಯುವ ಹಾಲ್ ಇದೆಯೇ, ಅದು ಆ ದಿನ ನಮಗೇ ಇರುತ್ತದೆಯೇ, ಬಯಲಿನಿಂದ ಅಲ್ಲಿಗೆ ಎಲ್ಲ ಸಾಗಿಸಲು ಎಷ್ಟು ಹೊತ್ತು ಬೇಕು ಎಂದು ಕೇಳಿ, ಬರೆದುಕೊಡಿ ಎನ್ನಿ. ಪೇಟೆಯ ಕಲ್ಯಾಣ ಮಂಟಪದವರೂ ನಿಶ್ಚಿಂತರಾಗುವಂತಿಲ್ಲ. ಊಟದ ಹಾಲ್ ನೆಲಮಾಳಿಗೆಯಲ್ಲಿದ್ದರೆ ಮಳೆನೀರು ಯಾವ ಕಡೆಯಿಂದ ಹೋಗುತ್ತದೆ, ಜನರೇಟರಿಗೆ ಲಿಫ್ಟು ಸೇರಿದೆಯೇ ಎಂದು ಕೇಳಲೇಬೇಕು.

ಇಷ್ಟೆಲ್ಲ ಮಾಡಿದ ಮೇಲೆ ಮಳೆ ಬಾರದಿದ್ದರೆ? ಹೆಚ್ಚಿನ ಮದುವೆಗಳಲ್ಲಿ ಬರುವುದಿಲ್ಲ. ಆಗ ಚಪ್ಪರದ ಲೆಕ್ಕ ಚುಕ್ತಾ ಮಾಡುವಾಗ ಮನೆಯವರಿಗೆ ಹೊಟ್ಟೆ ಉರಿಯುತ್ತದೆ. ಚಿಕ್ಕಪ್ಪನ ಮಗಳ ಮದುವೆ ಮುಗಿದ ಮಾರನೆಯ ದಿನ ಮೇಸ್ತ್ರಿ ಶೀಟು ಬಿಚ್ಚಿ ಲಾರಿಗೆ ತುಂಬಿಸಿ ದುಡ್ಡಿಗೆಂದು ಜಗುಲಿಗೆ ಬಂದು ಕೂತ. ಚಿಕ್ಕಪ್ಪ ಚೀಟಿಯನ್ನು ಎರಡು ಸಲ ಓದಿ, “ಒಂದು ಹನಿಯೂ ಬೀಳಲಿಲ್ಲವಲ್ಲ ಮಾರಾಯಾ, ಶೀಟಿನ ಬಾಡಿಗೆ ಒಂದಿಷ್ಟು ಕಡಿಮೆ ಮಾಡು” ಎಂದರು. ಮೇಸ್ತ್ರಿ ಕವಳದ ಸಂಚಿ ಬಿಚ್ಚುತ್ತ, “ನೀವು ಹಾಕಿಸಿದ್ದು ಬಿಸಿಲಿಗಲ್ಲವೇ ಹೆಗಡೆಯವರೇ? ಬಿಸಿಲು ಬಂದಿತ್ತಲ್ಲ” ಎಂದ. ಚಿಕ್ಕಪ್ಪ ಪೂರ್ತಿ ಹಣ ಎಣಿಸಿದರು.